ಕರ್ನಲ್-ಸಾನ್ ಸತ್ತ ಭಾನುವಾರ

ನಮ್ಮ ಮನೆಯಲ್ಲಿ ಯಾರೂ "ಹೋಗ್ತೀನಿ" ಅನ್ನುವಂತಿರಲಿಲ್ಲ. ಬಾಯಿ ತಪ್ಪಿ ಅಂದರೆ ಅಮ್ಮ ಒಗ್ಗರಣೆ ಬಿಟ್ಟು ಓಡಿ ಬಂದು ತಲೆಗೊಂದು ಮೊಟಕುತ್ತಿದ್ದಳು. "ಬಿಡ್ತು ಅನ್ನು! ಹೋಗಿ ಬರ್ತೀನಿ ಅಂತ ಹೇಳ್ಬೇಕು." ನಾನು ಬಿಡ್ತು ಅನ್ನುತ್ತಿದ್ದೆ. ಏನು ಬಿಟ್ಟಿತು ಎಂದು ಕೇಳಿದರೆ ಇನ್ನೊಂದು ಮೊಟಕು. ಹಿರೋಷಿಮಾಕ್ಕೆ ಬಂದ ಹೊಸದರಲ್ಲಿ ಅಮ್ಮನಿಗೆ ಅಲ್ಲಿನ ಯಾವುದೂ ಹಿಡಿಸಿರಲಿಲ್ಲ. ಮೀನಿನ ವಾಸನೆ, ಸಪ್ಪೆ ಸಾರು, ಎಲ್ಲದಕ್ಕೂ ಬಗ್ಗುವ ಜನ. ಒಂದು ಬೆಳಿಗ್ಗೆ ಕೆಳಗಿನ ಮನೆಯ ಮೊರಿತಾ-ಸಾನ್ ಅವರ ಗಂಡ ಬೂಟು ಹಾಕಿಕೊಂಡು "ಇತ್ತೆಕಿಮಾಸು" ಅಂದಿದ್ದೂ, ಆಕೆ ಒಳಗಿನಿಂದ "ಇತ್ತೆರಾಷ್ಶಾಯ್" ಅಂದಿದ್ದೂ ಅವಳ ಕಿವಿಗೆ ಬಿತ್ತು. ಅಪ್ಪ ಅರ್ಥ ಹೇಳಿದರು. ಮೊದಲನೆಯದು ಹೋಗಿ ಬರ್ತೀನಿ, ಎರಡನೆಯದು ಹೋಗಿ ಬನ್ನಿ. ತಿರುಗಿ ಬಂದವರು "ತಾದೈಮಾ" ಅನ್ನಬೇಕು, ಅಂದರೆ ಬಂದೆ. ಮನೆಯಲ್ಲಿದ್ದವರು "ಒಕಾಯೆರಿ" ಅನ್ನಬೇಕು, ಅಂದರೆ ಬಂದ್ಯಾ. "ಅಯ್ಯೋ, ಇವ್ರೂ ನಮ್ಮೋರೇ ಕಣ್ರೀ!" ಎಂದು ಅಮ್ಮ ಹಿಗ್ಗಿಹೋದಳು. ಅಂದಿನಿಂದ ಆ ದೇಶವನ್ನು ಬೈಯುವುದು ಕಡಿಮೆಯಾಯಿತು. ನಮ್ಮ ಕಡೆ ಈ ಮಾತಿಗೆ ಇರುವ ಒಂದೇ ವಿನಾಯಿತಿಯನ್ನೂ ಅವಳು ನನಗೆ ಕಲಿಸಿದ್ದಳು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಅನ್ನಬಾರದು, ಸುಮ್ಮನೆ ಎದ್ದು ನಡೆಯಬೇಕು. ನಾನು ಸಾವಿನ ಮನೆಯನ್ನೇ ನೋಡಿರಲಿಲ್ಲ. ಆದರೂ ತಲೆ ಆಡಿಸಿದ್ದೆ.

ಮನೆ ಎಂದರೆ ಎರಡು ಕೋಣೆ. ಒಂದರಲ್ಲಿ ಒಲೆ, ಮೇಜು, ಅಕ್ಕಿ ಮೂಟೆ, ತಲೆಯ ಮೇಲೆ ಒಣಗುವ ಬಟ್ಟೆ. ಇನ್ನೊಂದರಲ್ಲಿ ಚಾಪೆಯ ನೆಲ, ಗೋಡೆಯಲ್ಲಿ ಹಾಸಿಗೆ ಮಡಚಿಡುವ ದೊಡ್ಡ ಗೂಡು, ಅದಕ್ಕೆ ಸರಿಸುವ ಕಾಗದದ ಬಾಗಿಲು. ಸೋಂಕು ಬಂದು ವಿಶ್ವವಿದ್ಯಾಲಯದ ಲೈಬ್ರರಿ ಮುಚ್ಚಿದ ಮೇಲೆ ಅಪ್ಪ ಆ ಗೂಡಿನ ಕೆಳಗಿನ ಖಾನೆ ಖಾಲಿ ಮಾಡಿ, ಅಲ್ಲಿ ಕಾಲು ಇಳಿಬಿಟ್ಟುಕೊಂಡು, ಮೇಲಿನ ಹಲಗೆಯನ್ನೇ ಮೇಜು ಮಾಡಿಕೊಂಡರು. ಜಾಗವಿಲ್ಲದ ಹಾಸಿಗೆಗಳು ಮೂಲೆಯಲ್ಲಿ ಗುಡ್ಡೆ ಬಿದ್ದವು, ನಾನು ಅದರ ಮೇಲೆ ಕುಣಿಯುತ್ತಿದ್ದೆ. ಗದ್ದಲ ಜಾಸ್ತಿಯಾದರೆ ಅಪ್ಪ ಒಳಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದರು. ಊರಿನಿಂದ ಫೋನು ಬಂದು ಅಪ್ಪ ಎಲ್ಲಿ ಎಂದು ಕೇಳಿದರೆ ಅಮ್ಮ, "ಬೀರು ಒಳಗಿದಾರೆ, ಕರ್ನಲ್ ಜೊತೆ" ಅನ್ನುತ್ತಿದ್ದಳು.

ಈ ಕರ್ನಲ್ ಯಾರೆಂದು ಹೇಳಬೇಕು. ಅಪ್ಪನ ಪಿಎಚ್.ಡಿ. ಹತ್ತೊಂಬತ್ತನೇ ಶತಮಾನದ ಅಮೆರಿಕದವರೊಬ್ಬರ ಮೇಲೆ. ತುಮಕೂರಿನವನು ಜಪಾನಿನಲ್ಲಿ ಕೂತು ಅಮೆರಿಕದಲ್ಲಿ ಸತ್ತವನ ಚರಿತ್ರೆ ಯಾಕೆ ಬರೆಯಬೇಕು ಎಂದು ಕೇಳದ ನೆಂಟರಿಲ್ಲ. ಅದೇ ವಿಷಯದ ಪ್ರೊಫೆಸರ್ ಹಿರೋಷಿಮಾದಲ್ಲಿದ್ದರು, ಸ್ಕಾಲರ್‌ಶಿಪ್ ಸಿಕ್ಕಿತು, ಅಷ್ಟೇ. ಇವರು ದೇಶದ ದೊಡ್ಡ ಸೈನ್ಯದ ಕರ್ನಲ್ ಅಲ್ಲ. ಆ ಕಾಲದಲ್ಲಿ ಅಲ್ಲಿನ ಒಂದೊಂದು ರಾಜ್ಯವೂ ತನ್ನದೇ ಕಾವಲು ಪಡೆ ಇಟ್ಟುಕೊಂಡಿತ್ತಂತೆ. ರೈತರು, ಕಮ್ಮಾರರು, ಅಂಗಡಿಯವರು ವರ್ಷದಲ್ಲಿ ಕೆಲವು ದಿನ ಮೈದಾನದಲ್ಲಿ ಸೇರಿ ಕವಾಯತು ಮಾಡುವುದು. ಬಂದೂಕು ಸಾಲದಿದ್ದರೆ ಹೆಗಲ ಮೇಲೆ ಜೋಳದ ದಂಟು. ನಮ್ಮ ಕರ್ನಲ್ ಹಿಟ್ಟಿನ ಗಿರಣಿ ಇಟ್ಟವರು, ಊರಿನವರೇ ಕೈ ಎತ್ತಿ ಅಧಿಕಾರಿಯಾಗಿ ಆರಿಸಿದವರು. ಜೀವಮಾನದಲ್ಲಿ ಒಂದೇ ಸಲ ಅವರಿಗೆ ಯುದ್ಧದ ಕರೆ ಬಂತು. ಗಡಿಯ ನದಿಯವರೆಗೆ ನಡೆದು ಹೋದ ಮೇಲೆ ಅವರ ಹುಡುಗರು ನಿಂತುಬಿಟ್ಟರು. ಕಾಯ್ದೆ ಪ್ರಕಾರ ನಾವು ನಮ್ಮ ರಾಜ್ಯ ಕಾಯುವವರು, ನದಿ ದಾಟುವುದು ನಮ್ಮ ಕೆಲಸವಲ್ಲ ಅಂದರು. ಆ ದಡದಲ್ಲಿ ಆಗಲೇ ದಾಟಿದವರು ಸಾಯುತ್ತಿದ್ದರು, ಈ ದಡಕ್ಕೆ ಗುಂಡಿನ ಸದ್ದು ಕೇಳುತ್ತಿತ್ತು. ಆಗ ಕರ್ನಲ್ ತಾವೊಬ್ಬರೇ ದೋಣಿ ಹತ್ತಿದರೋ, ಹುಡುಗರ ಜೊತೆ ಈಚೆಯೇ ನಿಂತರೋ ತಿಳಿಯದು. ಒಬ್ಬರು ಹತ್ತಿದರು ಎಂದು ಬರೆದರೆ ಇನ್ನೊಬ್ಬರು ಇಲ್ಲ ಎಂದು ಬರೆದಿದ್ದಾರೆ. ಅಪ್ಪ ಗೂಡಿನಲ್ಲಿ ಕೂತು ಹುಡುಕುತ್ತಿದ್ದುದು ಇದನ್ನು.

ಹೀಗೆ ಸತ್ತು ಎಷ್ಟೋ ಕಾಲವಾದ ಮನುಷ್ಯ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದರು. ಅಪ್ಪ ಅವರನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿಲ್ಲ. ತುಮಕೂರಿನ ತಾತನಿಗೆ ಯಾವ ಬಹುವಚನವೋ ಕರ್ನಲ್‌ಗೂ ಅದೇ. "ಅವರಿಗೆ ಮಂಡಿನೋವು ಶುರುವಾಯ್ತು" ಎಂದು ಅಪ್ಪ ಅನ್ನ ಕಲೆಸುತ್ತ ಹೇಳಿದರೆ ಯಾರಿಗೆ ಎಂದು ಅಮ್ಮನೂ ಒಂದು ಕ್ಷಣ ನಿಲ್ಲಬೇಕಾಗುತ್ತಿತ್ತು. ನನ್ನ ಕನ್ನಡ ಆಗ ಕಿವಿಯಲ್ಲಿತ್ತು, ನಾಲಿಗೆಗೆ ಪೂರ್ತಿ ಇಳಿದಿರಲಿಲ್ಲ. ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತಿತ್ತು. ಶಾಲೆಯಲ್ಲಿ ಎಲ್ಲರಿಗೂ ಹಚ್ಚುವ ಹಾಗೆ ಅವರಿಗೂ ಒಂದು ಸಾನ್ ಹಚ್ಚಿ ಕರ್ನಲ್-ಸಾನ್ ಮಾಡಿಕೊಂಡಿದ್ದೆ. ಅಪ್ಪ ಅವರ ಬದುಕನ್ನು ಹುಟ್ಟಿನಿಂದ ಕ್ರಮವಾಗಿ ಬರೆಯುತ್ತಿದ್ದರು, ಕೊನೆಯ ಅಧ್ಯಾಯ ಸಾವು. ಅದು ಮುಗಿದರೆ ಓದು ಮುಗಿಯಿತು, ಓದು ಮುಗಿದರೆ ಊರಿಗೆ. ಅಮ್ಮ ಇದನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದಳು.

"ಆ ಮನುಷ್ಯ ಸಾಯೋವರ್ಗೂ ನಾವು ಊರಿನ ಮುಖ ನೋಡಲ್ಲ ಬಿಡು."

ಹಾಗಾಗಿ ದಿನಾ ಸಂಜೆ ಅಪ್ಪ ಗೂಡಿನಿಂದ ಇಳಿದ ಕೂಡಲೇ ನಾನು ಕೇಳುತ್ತಿದ್ದೆ.

"ಕರ್ನಲ್-ಸಾನ್ ಸತ್ರಾ?"

"ಇನ್ನೂ ಇಲ್ಲ ಪುಟ್ಟಿ. ಗಿರಣಿ ರಿಪೇರಿ ಮಾಡಿಸ್ತಾ ಇದಾರೆ."

"ಮಾಡಿಸ್ಲಿ, ಮಾಡಿಸ್ಲಿ" ಎಂದು ಅಮ್ಮ ಒಲೆಯ ಕಡೆಯಿಂದ. "ನಮ್ಮ ಜೀವ ಹಿಂಡೋಕೇ ಹುಟ್ಟಿದಾನೆ ಆಯಪ್ಪ."

ಭಾನುವಾರ ಬೆಳಿಗ್ಗೆ ದೋಸೆ, ಆಮೇಲೆ ತಾತನ ವಿಡಿಯೋ ಕರೆ. ತಾತ, ಅಂದರೆ ಅಪ್ಪನ ಅಪ್ಪ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ತುಮಕೂರಿನಲ್ಲಿ ದೊಡ್ಡಪ್ಪನ ಸಂಸಾರದ ಜೊತೆ ಇದ್ದರು. ಆದರೆ ಅವರಿಗೆ ಹೆಮ್ಮೆ ಮೇಷ್ಟ್ರ ಕೆಲಸದ ಮೇಲಲ್ಲ. ವಯಸ್ಸಿನಲ್ಲಿ ಹೋಂ ಗಾರ್ಡ್ ಸೇರಿ ಪ್ಲಟೂನ್ ಕಮಾಂಡರ್ ಆಗಿದ್ದರು, ಗಣೇಶನ ಮೆರವಣಿಗೆಯಲ್ಲೂ ಎಲೆಕ್ಷನ್ನಿನಲ್ಲೂ ಖಾಕಿ ತೊಟ್ಟು ಸೀಟಿ ಊದಿದ್ದರು. ಅಪ್ಪ ತಮ್ಮ ಕಾವಲು ಪಡೆಯನ್ನು ಕನ್ನಡದಲ್ಲಿ ಏನೆನ್ನಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಾಗ ತಾತ ಒಂದೇ ಏಟಿಗೆ, "ಅಯ್ಯೋ, ಹೋಂ ಗಾರ್ಡ್ ಕಣೋ ಅದು!" ಅಂದರಂತೆ. ಅಲ್ಲಿಂದ ಕರ್ನಲ್ ಅವರಿಗೂ ಸ್ವಂತವಾದರು. ಫೋನಿನಲ್ಲಿ ನನ್ನ ಕೆನ್ನೆ, ನನ್ನ ಬಿದ್ದ ಹಲ್ಲು ವಿಚಾರಿಸಿದ ಮೇಲೆ ಮುಂದಿನ ಪ್ರಶ್ನೆ ಕರ್ನಲ್‌ದೇ. ನದಿಯ ದಡದ ಕಥೆ ಕೇಳಿದ ದಿನ ತಾತ ಕೆಮ್ಮು ಬರುವಷ್ಟು ನಕ್ಕರು.

"ನಮ್ಮೋರೂ ಹಂಗೇ ಕಣೋ. ಶಿರಾ ಗೇಟ್ ದಾಟಿ ಬನ್ರೋ ಅಂದ್ರೆ, ಸಾರ್ ಬಸ್ ಚಾರ್ಜ್ ಯಾರು ಕೊಡ್ತಾರೆ ಅಂತ ಕೇಳೋರು. ಅದ್ಸರಿ, ನಿಮ್ಮ ಕರ್ನಲ್ಲು ದಾಟಿದ್ನೋ ಇಲ್ವೋ?"

"ಅದೇ ಗೊತ್ತಾಗ್ತಿಲ್ಲಪ್ಪ."

"ದಾಟಿರಲ್ಲ ಬಿಡು. ತನ್ನ ಹುಡುಗರ್ನ ಈ ಕಡೆ ಬಿಟ್ಟು ತಾನು ದೋಣಿ ಹತ್ತೋನು ಎಂಥಾ ಆಫೀಸರ್ರು?"

"ಆ ಕಡೆ ಸಾಯ್ತಿದ್ದೋರೂ ಅವರೋರೇ ಅಲ್ವಾಪ್ಪ?"

ಪರದೆಯಲ್ಲಿ ತಾತನ ಹಣೆ ಮಾತ್ರ ಕಾಣುತ್ತಿತ್ತು; ಫೋನು ಹಿಡಿಯುವುದು ಅವರಿಗೆ ಕೊನೆಗೂ ಬರಲಿಲ್ಲ.

"ಅದೂ ಹೌದನ್ನು" ಅಂದರು. "ಗೊತ್ತಿಲ್ಲ ಅಂತ್ಲೇ ಬರ್ದುಬಿಡು."

ಲೈಬ್ರರಿ ಮುಚ್ಚಿದ ಮೇಲಿನ ಎರಡನೇ ಬೇಸಿಗೆಯ ಹೊತ್ತಿಗೆ ತುಮಕೂರಿನಲ್ಲೂ ಸೋಂಕು ಮನೆಮನೆಗೆ ನುಗ್ಗಿತು. ತಾತ ಆಸ್ಪತ್ರೆ ಸೇರಿದರು. ಅಪ್ಪ ವೀಸಾ ಕಚೇರಿಗೆ ಫೋನು ಹಚ್ಚಿ, ಗೂಡಿನ ಗೋಡೆಗೆ ಮುಖ ಮಾಡಿ, "ಸುಮಿಮಾಸೆನ್, ಸುಮಿಮಾಸೆನ್" ಎಂದು ಮಾತುಮಾತಿಗೂ ಕ್ಷಮೆ ಕೇಳುತ್ತ ಬಗ್ಗಿ ಬಗ್ಗಿ ಮಾತಾಡುತ್ತಿದ್ದರು. ಫೋನಿನ ಆಚೆಯವರಿಗೆ ಬಗ್ಗಿದ್ದು ಕಾಣುವುದಿಲ್ಲವಲ್ಲ ಎಂದು ನನಗೆ ನಗು. ಮಾತು ಮುಗಿಸಿ ಇಳಿದು ಬಂದು ಅಮ್ಮನ ಎದುರು ಕೂತರು.

"ಹೋಗ್ಬಹುದಂತೆ. ಆದ್ರೆ ಸದ್ಯಕ್ಕೆ ವಾಪಸ್ ಬಿಟ್ಕೊಳ್ಳಲ್ವಂತೆ. ಯಾವಾಗ ಬಿಡ್ತಾರೆ ಅಂತ ಅವ್ರಿಗೂ ಗೊತ್ತಿಲ್ಲ."

"ಅದೇನ್ರೀ ಅದು? ಹೋಗಿ ಅಂತಾರೆ, ಬನ್ನಿ ಅನ್ನಲ್ವಾ?"

ಜಗಳ ಅಲ್ಲಿಂದ ಶುರುವಾಯಿತು. ವಿಮಾನದಲ್ಲಿ ಸಿಗುವುದಾದರೆ ಒಂದು ಸೀಟು. ಅಪ್ಪ ಹೋಗಿ ಅಲ್ಲೇ ಸಿಕ್ಕಿಕೊಂಡರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಓದು ಅರ್ಧಕ್ಕೆ ಬೀಳುತ್ತದೆ, ಭಾಷೆ ಬಾರದ ಅಮ್ಮ ನನ್ನನ್ನು ಕಟ್ಟಿಕೊಂಡು ಎಷ್ಟು ತಿಂಗಳು ಒಬ್ಬಳೇ ಇರಬೇಕೋ ದೇವರಿಗೇ ಗೊತ್ತು. ಒಂದು ದಿನ ಅಮ್ಮ, "ಹೋಗಿ ಅಂದ್ರೆ ಹೋಗ್ರೀ, ಹೆತ್ತ ಅಪ್ಪ. ಕೆಳಗೆ ಕೊಂಬಿನಿ ಅಂಗಡಿ ಇದೆ, ಮೊರಿತಾ-ಸಾನ್ ಇದಾರೆ, ನಾನೇನು ಸಾಯಲ್ಲ" ಅನ್ನುತ್ತಿದ್ದಳು, ಅಪ್ಪ ಆಗುವುದಿಲ್ಲ ಅನ್ನುತ್ತಿದ್ದರು. ಮರುದಿನ ಅಪ್ಪ ಹೊರಟೆ ಅಂದರೆ ಅಮ್ಮ, "ನನಗೆ ಜ್ವರ ಬಂದ್ರೆ ಈ ಮಗು ಯಾರಿಗ್ರೀ ಫೋನ್ ಮಾಡತ್ತೆ?" ಎಂದು ಅಳುತ್ತಿದ್ದಳು. ಹೀಗೆ ಒಬ್ಬರ ಮಾತು ಒಬ್ಬರು ಅದಲುಬದಲು ಮಾಡಿಕೊಂಡು ಜಗಳವಾಡಿದರು. ಆಮೇಲಾಮೇಲೆ ಅದೂ ನಿಂತಿತು. ಊಟಕ್ಕೆ ಕೂತರೆ ಚಮಚದ ಸದ್ದು ಮಾತ್ರ. ದುಃಖ ಅನ್ನುವ ಹಾಗೂ ಇರಲಿಲ್ಲ; ಮನೆಗೇ ಜೋಮು ಹಿಡಿದಿತ್ತು. ನನಗೆ ಯಾರೂ ಏನೂ ಬಿಡಿಸಿ ಹೇಳಲಿಲ್ಲ. ತಾತನಿಗೆ ಜ್ವರ, ಇಳಿಯುತ್ತದೆ ಅಂದಿದ್ದರು, ಅಷ್ಟೇ. ನಾನು ಕೇಳುತ್ತಲೇ ಇದ್ದೆ, ಕರ್ನಲ್-ಸಾನ್ ಸತ್ರಾ ಎಂದು. "ಕೊನೇ ಅಧ್ಯಾಯ ಶುರು ಮಾಡಿದೀನಿ ಪುಟ್ಟಿ" ಎಂದು ಅಪ್ಪ ಹೇಳುತ್ತಿದ್ದರು. ನಿಜಕ್ಕೂ ಶುರು ಮಾಡಿದ್ದರು. ಮಾಡಲು ಬೇರೆ ಏನಿತ್ತು?

ಆ ಭಾನುವಾರ ಕಾವಲಿಯ ಮೇಲೆ ನನ್ನ ಎರಡನೇ ದೋಸೆ ಇತ್ತು. ಗೂಡಿನೊಳಗೆ ಫೋನು ಬಡಿದುಕೊಂಡಿತು. ಅಪ್ಪ "ಹಾ ಅಣ್ಣ" ಅಂದರು. ಕಾಗದದ ಬಾಗಿಲು ಸರಿಯಿತು. ಫೋನನ್ನು ಕಿವಿಯಿಂದ ಇಳಿಸಿ ಕೈಯಲ್ಲೇ ಹಿಡಿದುಕೊಂಡು ಬಂದು ಅಡುಗೆಯ ಕೋಣೆಯ ಹೊಸ್ತಿಲಲ್ಲಿ ನಿಂತರು.

"ಹೋಗ್ಬಿಟ್ರು."

ಯಾರು ಎಂದು ಹೇಳಲಿಲ್ಲ. ಕನ್ನಡದಲ್ಲಿ ಹೇಳಬೇಕಾಗಿಯೂ ಇಲ್ಲವಲ್ಲ. ಕ್ರಿಯಾಪದದಲ್ಲೇ ಎಲ್ಲ ಬಂತು, ಬಹುವಚನವೂ ಬಂತು, ಸಾವೂ ಬಂತು. ಆ ಪದಕ್ಕೆ ಸತ್ತರು ಎಂಬ ಅರ್ಥವಿದೆ ಎಂದು ನನಗೆ ಗೊತ್ತಿತ್ತು. ಯಾರ ಸಾವಿಗಾಗಿ ನಮ್ಮ ಮನೆ ಇಷ್ಟು ದಿನ ಕಾದಿತ್ತು ಎನ್ನುವುದೂ ಗೊತ್ತಿತ್ತು.

"ಯಾತ್ತಾ!" ಎಂದು ಕೂಗಿದೆ. ಗೆದ್ದಾಗ, ರಜೆ ಸಿಕ್ಕಾಗ ಜಪಾನಿನ ಮಕ್ಕಳೆಲ್ಲ ಕೂಗುವ ಕೂಗು ಅದು. ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಮೇಲೆತ್ತಿದೆ. "ಯಾತ್ತಾ! ಕರ್ನಲ್-ಸಾನ್ ಸತ್ರು! ಊರಿಗೆ ಹೋಗೋದು!"

ಅಮ್ಮನ ಕೈಯಲ್ಲಿದ್ದ ಮೊಗಚುವ ಕೈ ಹಾಗೇ ನಿಂತಿತು. ಅಪ್ಪ ನನ್ನನ್ನೇ ನೋಡಿದರು. ಬೈಯಲಿಲ್ಲ, ಕಣ್ಣೂ ತುಂಬಲಿಲ್ಲ. ಕೈಯಲ್ಲಿದ್ದ ಫೋನಿನೊಳಗಿಂದ ದೊಡ್ಡಪ್ಪನ ದನಿ ಸಣ್ಣದಾಗಿ ಬರುತ್ತಿತ್ತು. "ಏನಂತೋ? ಏನು ಕೂಗ್ತಿದೆ ಮಗು?"

ಅಪ್ಪ ಫೋನು ಕಿವಿಗಿಟ್ಟುಕೊಂಡರು. "ಏನಿಲ್ಲಣ್ಣ. ಅವಳಿಗೆ ಬೇರೆ ಯಾರೋ ಅನ್ನಿಸಿದೆ."

ದೋಸೆ ಸೀದು ಹೊಗೆ ಎದ್ದಿತು. ಅಮ್ಮ ಒಲೆ ಆರಿಸಿ ನನ್ನನ್ನು ಕುರ್ಚಿಯಿಂದ ಇಳಿಸಿದಳು. "ತಾತ ಕಣೆ" ಅಂದಳು, ಮೆಲ್ಲಗೆ. ನನಗೆ ಅಳು ಬರಲಿಲ್ಲ. ಅಳಬೇಕು ಎಂದು ಗೊತ್ತಿತ್ತು, ಅಮ್ಮನ ಮುಖ ನೋಡಿದೆ, ಅಪ್ಪನ ಮುಖ ನೋಡಿದೆ, ಎಲ್ಲಿಯೂ ಅಳು ಸಿಗಲಿಲ್ಲ. ಮೂವರೂ ಒಬ್ಬರಾದ ಮೇಲೆ ಒಬ್ಬರು ತಲೆಗೆ ಸ್ನಾನ ಮಾಡಿದೆವು. ಈಗಲೂ ಯಾರಾದರೂ ಫೋನು ಮಾಡಿ "ಹೋಗ್ಬಿಟ್ರು" ಅಂದರೆ ನಾನು ಮೊದಲು ಕೇಳುವುದು "ಯಾರು?" ಎಂದೇ. ವರ್ಷಗಟ್ಟಲೆ ಕಾಯಿಲೆ ಬಿದ್ದವರ ಮನೆಯಿಂದ ಬಂದ ಫೋನಿಗೂ ಹಾಗೇ ಕೇಳುತ್ತೇನೆ, ಅವರು ಹೆಸರು ಹೇಳುವವರೆಗೆ ನನ್ನ ಒಳಗೆ ಏನೂ ಅಲ್ಲಾಡುವುದಿಲ್ಲ. ಇವಳಿಗೆ ಕರುಳಿಲ್ಲ ಎಂದು ನೆಂಟರು ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ.

ತಾತನ ಮುಖವನ್ನು ಆಸ್ಪತ್ರೆಯವರು ದೊಡ್ಡಪ್ಪನಿಗೂ ಸರಿಯಾಗಿ ತೋರಿಸಲಿಲ್ಲವಂತೆ. ಸಂಸ್ಕಾರವೂ ಅಲ್ಲಿಂದಲೇ ಮುಗಿದುಹೋಯಿತು. "ಅದಕ್ಕಂತೂ ಆಗ್ಲಿಲ್ಲ. ಕಾರ್ಯಕ್ಕಾದ್ರೂ ಬಾರೋ" ಎಂದು ದೊಡ್ಡಪ್ಪ ಹೇಳಿದರು. "ನಾನೊಬ್ಬನೇ ಎಷ್ಟು ಅಂತ ಮಾಡ್ಲಿ?" ಅಪ್ಪ ಹೂಂ ಅಂದರು. ಆ ಹೂಂ ಅಮ್ಮನಿಗೂ ಕೇಳಿತು. ಟೋಕಿಯೋದಿಂದ ಹೊರಡುವ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಈ ಸಲ ಯಾರೂ ಜಗಳವಾಡಲಿಲ್ಲ. ಅಮ್ಮ ಅಪ್ಪನ ಪಂಚೆ ಮಡಚಿ ಬ್ಯಾಗಿಗೆ ಹಾಕಿದಳು. ಅಕ್ಕಿ ಎಲ್ಲಿ ಸಿಗುತ್ತದೆ, ಗ್ಯಾಸಿನವರಿಗೆ ಏನು ಹೇಳಬೇಕು, ನನ್ನ ಶಾಲೆಯ ಟೀಚರಿಗೆ ಏನು ಹೇಳಬೇಕು ಎಂದು ಅಪ್ಪ ಅವಳಿಗೆ ಜಪಾನಿ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರು. ಅಮ್ಮ ಶಾಲೆಯ ಹುಡುಗಿಯ ಹಾಗೆ ಒಂದೊಂದನ್ನೇ ತಿರುಗಿ ಹೇಳಿದಳು. ಗೂಡಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿತ್ತು, ಹಾಸಿಗೆಗಳು ಮತ್ತೆ ಗೂಡು ಸೇರಿದವು. ಕರ್ನಲ್ ಎಲ್ಲಿಯವರೆಗೆ ಬಂದಿದ್ದರೋ ನಾನು ಕೇಳಲಿಲ್ಲ. ಅಪ್ಪ ತಿರುಗಿ ಬರುವುದಿಲ್ಲ ಎಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಾಗೆ ಯಾರೂ ಹೇಳಿರಲಿಲ್ಲ, ಆದರೆ ಹಾಸಿಗೆಗಳು ವಾಪಸ್ ಗೂಡಿಗೆ ಹೋಗಿದ್ದವಲ್ಲ.

ಹೊರಡುವ ಬೆಳಿಗ್ಗೆ ಅಮ್ಮ ದಾರಿಗೆಂದು ಮೊಸರನ್ನ ಕಲೆಸಿ ಡಬ್ಬಿಗೆ ಹಾಕಿದಳು. ಬಾಗಿಲ ಒಳಗೆ ಚಪ್ಪಲಿ ಬಿಡುವ ತಗ್ಗಿನಲ್ಲಿ, ಮೆಟ್ಟಿಲ ಅಂಚಿಗೆ ಕೂತು ಅಪ್ಪ ಬೂಟಿನ ಲೇಸು ಕಟ್ಟಿಕೊಂಡರು. ಎದ್ದು ಮಾಸ್ಕ್ ಹಾಕಿಕೊಂಡು ಬ್ಯಾಗು ಎತ್ತಿಕೊಂಡರು. ಅಮ್ಮ ಡಬ್ಬಿ ಹಿಡಿದು ನಿಂತಿದ್ದಳು, ನಾನು ಅವಳ ಪಕ್ಕ. ಯಾರೂ ಏನೂ ಅನ್ನಲಿಲ್ಲ. ಸಾವಿನ ಮನೆ, ಅನ್ನಬಾರದು; ಅದು ನನಗೆ ತಿಳಿಯದ್ದೇನಲ್ಲ. ಆದರೆ ಆ ತಗ್ಗಿನಿಂದ ಆ ಮಾತು ಆಡದೆ ಯಾರಾದರೂ ಹೊರಗೆ ಹೋದದ್ದನ್ನು ನಾನು ಒಂದು ಸಲವೂ ಕಂಡಿರಲಿಲ್ಲ. ನನಗೆ ಭಯವಾಯಿತು. ಅಷ್ಟು ದಿನಗಳಲ್ಲಿ ನನಗೆ ಸರಿಯಾಗಿ ಅನ್ನಿಸಿದ್ದು ಅದೊಂದೇ.

"ಅಪ್ಪಾ, ಹೇಳೇ ಇಲ್ಲ" ಅಂದೆ. ಕನ್ನಡದಲ್ಲೇ ಬಂತು.

"ಏನು ಪುಟ್ಟಿ?"

"ಹೋಗಿ ಬರ್ತೀನಿ ಅಂತ."

"ಸುಮ್ನಿರೇ" ಎಂದಳು ಅಮ್ಮ. "ಈಗ ಹಾಗನ್ನಬಾರ್ದು."

ಅಪ್ಪ ಮಾಸ್ಕ್ ಕೆಳಗೆ ಎಳೆದುಕೊಂಡರು. "ಹೋಗಿ" ಅಂದರು. ಅಲ್ಲಿಗೆ ನಿಂತರು. ಇನ್ನೊಮ್ಮೆ "ಹೋಗಿ" ಅಂದರು. ಎರಡನೇ ಪದ ಬರಲಿಲ್ಲ. ಕೆಳಗೆ ಮೊರಿತಾ-ಸಾನ್ ಅಂಗಳ ಗುಡಿಸುವ ಸದ್ದು, ರಸ್ತೆಯಲ್ಲಿ ಟ್ರಾಮಿನ ಗಂಟೆ. ಅಪ್ಪ ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಅಮ್ಮ ಹೋಗಿ ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ. ಆಮೇಲೆ ಅಪ್ಪ ಬ್ಯಾಗು ಕೆಳಗಿಟ್ಟು, ಅದೇ ಮೆಟ್ಟಿಲ ಅಂಚಿಗೆ ಕೂತು ಲೇಸು ಬಿಚ್ಚಿದರು. ಬೂಟುಗಳನ್ನು ಜೋಡಿಸಿ, ಮೂತಿ ಬಾಗಿಲ ಕಡೆಗೆ ತಿರುಗಿಸಿಟ್ಟರು. ಮೇಲೆ ಹತ್ತಿ ಬಂದು ನಮ್ಮ ಎದುರು ನಿಂತರು.

"ಬಂದೆ" ಅಂದರು.

"ಒಕಾಯೆರಿ" ಅಂದೆ ನಾನು. ಅಭ್ಯಾಸ, ಬಾಯಿಗೆ ತಾನಾಗಿಯೇ ಬಂತು.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೈಕಾಲು ತೊಳ್ಕೊಂಡು ಬನ್ನಿ" ಎಂದು ಹೇಳಿ ಒಳಗೆ ಹೋಗಿ, ದಾರಿಗೆಂದು ಕಟ್ಟಿದ್ದ ಮೊಸರನ್ನವನ್ನು ಮೂರು ತಟ್ಟೆಗೆ ಹಾಕಿದಳು.